ಲಾಡಿಹುಳುವೂ ಬೆಳ್ಳಿಯ ಕಷಾಯವೂ

ಊಟದ ಹೊತ್ತಿನಲ್ಲಿ ಆಡಬಾರದ ಮಾತುಗಳೆಂದು ನಮ್ಮ ಹಿರಿಯರು ಒಂದು ಪಟ್ಟಿಯನ್ನೇ ಮಾಡಿಟ್ಟಿದ್ದರು. ಆ ಪಟ್ಟಿಯಲ್ಲಿ ಮೊದಲ ಸ್ಥಾನ ಬಹುಶಃ ಹೊಟ್ಟೆಯ ಹುಳುವಿಗೇ ಸಲ್ಲಬೇಕು. ಆದ್ದರಿಂದ ಪುಸ್ತಕವನ್ನು ಊಟದ ತಟ್ಟೆಯ ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದುವ ಅಭ್ಯಾಸವಿರುವ ಅಕ್ಕತಂಗಿಯರು ಈ ಒಂದು ಬರಹವನ್ನು ಮಾತ್ರ ಕೈತೊಳೆದ ಮೇಲೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಸೋಪು ಹಚ್ಚಿ ತೊಳೆದರೆ ಇನ್ನೂ ಒಳ್ಳೆಯದು. ಏಕೆಂಬುದು ಮುಂದೆ ತಿಳಿಯುತ್ತದೆ.

ಹುಳುಗಳಲ್ಲಿ ನಾನು ಹೇಳಹೊರಟಿರುವುದು ಲಾಡಿಹುಳುವಿನ ವಿಚಾರ. ಹೆಸರಿಟ್ಟ ಪುಣ್ಯಾತ್ಮರು ಯಾರೋ ತಿಳಿಯದು, ಆದರೆ ಹೆಣ್ಣುಮಕ್ಕಳ ಲಂಗದ ಲಾಡಿಯನ್ನು ಕಣ್ಣಾರೆ ಕಂಡವರೇ ಇರಬೇಕು. ಅದೇ ಬಿಳುಪು, ಅದೇ ಚಪ್ಪಟೆ, ಎಳೆದಷ್ಟೂ ಬರುವ ಅದೇ ಉದ್ದ! ಹಂದಿಮಾಂಸದ ಮೂಲಕ ಬರುವ ಲಾಡಿಹುಳು ಎರಡು ಮೂರು ಮೀಟರು ಸಲೀಸಾಗಿ ಬೆಳೆಯುತ್ತದೆ. ದನದ ಮಾಂಸದಿಂದ ಬರುವುದು ನಾವು ಉಡುವ ಸೀರೆಯಷ್ಟು ಉದ್ದವಾಗಬಲ್ಲುದು. ಇಷ್ಟು ದೊಡ್ಡ ಜೀವಿಯ ತಲೆ ಮಾತ್ರ ಗುಂಡುಸೂಜಿಯ ತಲೆಯಷ್ಟು. ಆ ತಲೆಯಿಂದ ಕರುಳಿನ ಗೋಡೆಯನ್ನು ಕಚ್ಚಿಕೊಂಡು, ಹಿಂದಿನಿಂದ ತುಣುಕು ತುಣುಕಾಗಿ ಬೆಳೆಯುತ್ತ ಹೋಗುತ್ತದೆ. ಬಲಿತ ಒಂದೊಂದು ತುಣುಕಿನಲ್ಲಿಯೂ ಸಾವಿರ ಸಾವಿರ ಮೊಟ್ಟೆಗಳು.

ಇದಕ್ಕೆ ಬಾಯಿಯಿಲ್ಲ, ಹೊಟ್ಟೆಯೂ ಇಲ್ಲ. ನಾವು ದುಡಿದು, ಬೇಯಿಸಿ, ಅಗಿದು, ಅರಗಿಸಿಟ್ಟ ಆಹಾರವನ್ನು ಅದು ತನ್ನ ಮೈಚರ್ಮದಿಂದಲೇ ಹೀರಿಕೊಳ್ಳುತ್ತದೆ. ಇಷ್ಟು ಸುಖದ ಬಾಳು ಯಾವ ಮನೆಯ ಅಳಿಯನಿಗೂ ದಕ್ಕಿದ್ದನ್ನು ನಾನು ಕಾಣೆ. ಚರ್ಮವೇ ಬಾಯಿ, ಚರ್ಮವೇ ಹೊಟ್ಟೆ ಎಂಬ ಈ ಸಂಗತಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಬಿ.ಎ., ಬಿ.ಎಡ್. ಮಾಡಿ ಕನ್ನಡ, ಸಮಾಜ ಪಾಠ ಹೇಳುವ ಹೆಂಗಸಿಗೆ ಈ ಹುಳುವಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಮ್ಮದು ಶಿರಸಿಯ ಕಡೆಯ ಒಂದು ಪ್ರೌಢಶಾಲೆ. ವಿಜ್ಞಾನದ ಮಾಸ್ತರರಿಗೆ ವರ್ಗವಾದಾಗಲೆಲ್ಲ ಹೊಸಬರು ಬರುವವರೆಗೆ ಯಾರಾದರೊಬ್ಬರು ಆ ಪೀರಿಯಡ್ಡು ನೋಡಿಕೊಳ್ಳಬೇಕು. ಹೊಸಬರು ಬರುವುದು ಮುಂದಿನ ಬೇಸಿಗೆಗೋ ಅದರಾಚೆಗೋ! ಹೀಗಾಗಿ ಪಂಪ, ಕುಮಾರವ್ಯಾಸರ ಜೊತೆಜೊತೆಗೇ ಲಾಡಿಹುಳು, ಅಮೀಬಾಗಳೂ ನನ್ನ ಪಾಲಿಗೆ ಬಂದವು. ಬಂದವರನ್ನು ಅನಾದರ ಮಾಡಬಾರದಲ್ಲ, ಓದಿಕೊಂಡೆ.

ನಾವು ಚಿಕ್ಕವರಿದ್ದಾಗ ಹೊಟ್ಟೆಹುಳುವಿಗೆ ಮನೆಮನೆಯಲ್ಲೂ ಒಂದೇ ಶಿಕ್ಷೆ, ಹರಳೆಣ್ಣೆ. ಬೇಸಿಗೆ ರಜೆಯಲ್ಲಿ ಒಂದು ಭಾನುವಾರ ಬೆಳಗಾಗುವ ಮೊದಲೇ ಅಜ್ಜಿ ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಮೂಗು ಹಿಡಿದು ಬಾಯಿಗೆ ಹೊಯ್ಯುತ್ತಿದ್ದರು. ಆ ದಿನವಿಡೀ ಮನೆಯ ಹಿತ್ತಲಿಗೂ ಜಗಲಿಗೂ ನಮ್ಮ ಓಡಾಟ. ಅಜ್ಜಿಯ ಡಬ್ಬಿಗಳಲ್ಲಿ ವಾಯುವಿಳಂಗ, ಮುತ್ತುಗದ ಬೀಜಗಳೂ ಇದ್ದವು. ಕುಂಬಳಕಾಯಿಯ ಬೀಜವನ್ನು ಎಸೆಯಲು ಬಿಡುತ್ತಿರಲಿಲ್ಲ. ಇವೆಲ್ಲ ಬರೀ ನಂಬಿಕೆಯ ಮದ್ದುಗಳಲ್ಲ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಚೀನಾ ದೇಶದಲ್ಲಿ ಲಾಡಿಹುಳುವಿಗೆ ಕುಂಬಳದ ಬೀಜವನ್ನು ಅಡಿಕೆಯ ಕಷಾಯದೊಡನೆ ಕೊಡುವ ಪದ್ಧತಿಯಿದೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಸತ್ವ ಹುಳುವಿನ ಮೈಯನ್ನು ಜೋಮು ಹಿಡಿಸಿ, ಕರುಳಿನ ಹಿಡಿತ ತಪ್ಪಿಸುತ್ತದೆ. ಒಂದು ಕಾಲದಲ್ಲಿ ನಾಯಿಗಳ ಲಾಡಿಹುಳುವಿಗೆ ಪಶುವೈದ್ಯರು ಕೊಡುತ್ತಿದ್ದದ್ದೂ ಇದೇ ಅರೆಕೊಲಿನ್. ನಮ್ಮ ತೋಟದ ಅಡಿಕೆಗೆ ಇಂಥ ಒಂದು ಹಿರಿಮೆಯೂ ಉಂಟು ಎಂದು ಹೇಳಿದಾಗ ನಮ್ಮ ಯಜಮಾನರ ಮುಖ ನೋಡಬೇಕಿತ್ತು, ಕವಳಕ್ಕೆ ಹೊಸ ಪರವಾನಗಿ ಸಿಕ್ಕಂತೆ ಅರಳಿತು! ಕವಳ ಜಗಿದರೆ ಬಾಯಿಯ ಕ್ಯಾನ್ಸರು ಎಂಬುದೂ ಅಷ್ಟೇ ನಿಜ ಎಂದು ಮುಂದಿನ ವಾಕ್ಯ ಹೇಳಿದೆ. ಮುಖ ಮತ್ತೆ ಮುದುಡಿತು.

ಈಗ ಮೂಗು ಹಿಡಿಯುವ ಕಾಲವಲ್ಲ, ಮಾತ್ರೆಯ ಕಾಲ. 1970ರ ದಶಕದಲ್ಲಿ ಬಂದ ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆ ಕರುಳಿನೊಳಗಿನ ಲಾಡಿಹುಳುವನ್ನು ಒಂದೇ ಸಲಕ್ಕೆ ಹೊರಗಟ್ಟುತ್ತದೆ. ಅದಕ್ಕೂ ಮೊದಲಿನ ನಿಕ್ಲೋಸಮೈಡ್ ಕೂಡ ಒಳ್ಳೆಯ ಮಾತ್ರೆಯೇ. ಶಾಲೆಗಳಲ್ಲಿ ನಾವು ಕೊಡುವುದು ಅಲ್ಬೆಂಡಝೋಲ್. 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ 1ರಿಂದ 19 ವರ್ಷದ ಮಕ್ಕಳಿಗೆ ಅಂಗನವಾಡಿ, ಶಾಲೆ, ಕಾಲೇಜುಗಳಲ್ಲಿ ಅದನ್ನು ಹಂಚುತ್ತಾರೆ. 400 ಮಿಲಿಗ್ರಾಮಿನ ಮಾತ್ರೆ. ಎರಡು ವರ್ಷದೊಳಗಿನ ಕೂಸುಗಳಿಗೆ ಅದರಲ್ಲಿ ಅರ್ಧ. ನುಂಗುವಂತಿಲ್ಲ, ಅಗಿದು ತಿನ್ನಬೇಕು.

ಆ ದಿನ ಶಾಲೆಯಲ್ಲಿ ನಡೆಯುವ ನಾಟಕವನ್ನು ನೀವು ಒಮ್ಮೆ ನೋಡಬೇಕು. ಕೆಲವರು ಆ ದಿನಕ್ಕೆಂದೇ ಜ್ವರ ತಂದುಕೊಂಡಿರುತ್ತಾರೆ. ಕೆಲವರ ಅಪ್ಪ ಚೀಟಿ ಬರೆದುಕೊಟ್ಟಿರುತ್ತಾರೆ, ‘ನಮ್ಮ ಹುಡುಗನಿಗೆ ಹುಳ ಇರುವುದಿಲ್ಲ’ ಎಂದು. ಕಂಡುಬಂದವರಂತೆ! ಮಾತ್ರೆಯನ್ನು ಕೆನ್ನೆಯ ಮೂಲೆಯಲ್ಲಿಟ್ಟುಕೊಂಡು, ನಾನು ಆಚೆ ತಿರುಗಿದೊಡನೆ ಕಿಟಕಿಯಿಂದ ಹಾರಿಸುವ ಪ್ರವೀಣರೂ ಇದ್ದಾರೆ. ಒಂದು ವರ್ಷ ಹುಡುಗರೆದುರು ನಾನೇ ಮೊದಲು ಒಂದು ಮಾತ್ರೆ ಅಗಿದು ತೋರಿಸಿದೆ. ಆಮೇಲೆ ಸಾಲು ತಾನಾಗಿ ಮುಂದುವರಿಯಿತು. ಆದರೆ ಈ ಮಾತ್ರೆಯ ಮುಖ್ಯ ಗುರಿ ಲಾಡಿಹುಳುವಲ್ಲ. ಮಣ್ಣಿನಿಂದ ಬರುವ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳು. ಮಕ್ಕಳ ರಕ್ತ ಹೀರುವವೂ ಬುದ್ಧಿ ಮಂಕಾಗಿಸುವವೂ ಅವೇ ಆದ್ದರಿಂದ ಆ ಒಂದು ಮಾತ್ರೆ ಬಲು ದೊಡ್ಡ ಉಪಕಾರ. ಲಾಡಿಹುಳುವಿನ ಕತೆ ಬೇರೆ. ಅದು ಕರುಳಿನಲ್ಲೇ ಇದ್ದರೆ ಸರಿ. ಮನೆ ಬದಲಾಯಿಸಿದರೆ ಕಷ್ಟ.

ಹಾಗೆ ಮನೆ ಬದಲಾಯಿಸಿದ ಹುಳುವನ್ನು ನಾನು ಕಂಡದ್ದು ಹತ್ತು ಹನ್ನೆರಡು ವರ್ಷಗಳ ಕೆಳಗೆ, ಎಂಟನೆಯ ತರಗತಿಯ ಒಬ್ಬ ಹುಡುಗಿಯಲ್ಲಿ. ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದವಳು ಧೊಪ್ಪನೆ ಬಿದ್ದಳು. ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಒಬ್ಬರು ಕಬ್ಬಿಣದ ಬೀಗದಕೈ ತನ್ನಿ ಎಂದರು, ಇನ್ನೊಬ್ಬರು ಈರುಳ್ಳಿ ಮೂಸಿಸಿ ಎಂದರು, ಮತ್ತೊಬ್ಬರು ಹಲ್ಲಿನ ನಡುವೆ ಚಮಚ ಇಡಹೊರಟರು. ಇವು ಯಾವುದೂ ಬೇಡ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗೆ ಏನಾದರೂ ಇಟ್ಟು, ಬಾಯಿಗೆ ಏನನ್ನೂ ತುರುಕದೆ, ಹೊತ್ತು ನೋಡುತ್ತ ಪಕ್ಕದಲ್ಲಿ ಕೂತರೆ ಸಾಕು. ಐದು ನಿಮಿಷ ದಾಟಿದರೆ ಆಸ್ಪತ್ರೆ. ಅವಳು ಎರಡು ಮೂರು ನಿಮಿಷದಲ್ಲಿ ಎಚ್ಚೆತ್ತಳು. ಎಚ್ಚೆತ್ತವಳು ಮೊದಲು ಮಾಡಿದ ಕೆಲಸವೆಂದರೆ ಲಂಗವನ್ನು ಕಾಲ ಮೇಲೆ ಎಳೆದುಕೊಂಡದ್ದು. ಆ ಕೈಯನ್ನು ನಾನು ಇನ್ನೂ ಮರೆತಿಲ್ಲ.

ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ವಾರದ ಮೇಲೆ ಅವಳ ತಾಯಿ ಶಾಲೆಗೆ ಬಂದರು. ನಮ್ಮ ಕಡೆ ಈಗಲೂ ಕೆಲವರು ಮೇಡಂ ಎನ್ನದೆ ಅಕ್ಕೋರು ಎಂದೇ ಕರೆಯುತ್ತಾರೆ.

‘ಅಕ್ಕೋರೇ, ತಲೆಯೊಳಗೆ ಹುಳದ ಗಂಟು ಅಂದ್ರು. ಹಂದಿಯಿಂದ ಬರೋ ಹುಳವಂತೆ. ನಮ್ಮನೆಯಲ್ಲಿ ಈರುಳ್ಳಿಯೂ ಹಬ್ಬದ ದಿನ ಒಳಗೆ ಬರೋದಿಲ್ಲ. ನಮ್ಮ ಹುಡುಗಿಗೆ ಇದು ಹೇಗೆ ಬಂತು?’ ಎಂದು ಕೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ನಿಧಾನವಾಗಿ ಉಳಿದದ್ದು ಹೊರಬಂತು. ಮನೆಯಲ್ಲಿ ಹುಡುಗಿಯನ್ನು ಕೂರಿಸಿಕೊಂಡು ವಿಚಾರಣೆ ನಡೆದಿತ್ತು. ಯಾರ ಮನೆಗೆ ಹೋಗಿದ್ದೆ, ಯಾರ ಡಬ್ಬಿಯಲ್ಲಿ ಕೈಹಾಕಿದೆ, ಏನು ತಿಂದೆ ನಿಜ ಹೇಳು ಎಂದು. ಅವಳ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯ ಮನೆಯವರು ಮೀನು, ಮಾಂಸ ತಿನ್ನುವವರು. ಆ ಗೆಳತಿಯ ಜೊತೆ ಮಾತು ಬಿಡು ಎಂದು ಆಣೆ ಹಾಕಿಸಿದ್ದರು. ಹುಡುಗಿಗೆ ಬಿದ್ದ ಏಟು ಎರಡು. ಒಂದು ಹುಳುವಿನದು, ಇನ್ನೊಂದು ನಮ್ಮದು. ‘ಯಾರಿಗೂ ಹೇಳಬೇಡಿ ಅಕ್ಕೋರೇ, ನಾಳೆ ಮದುವೆಯ ಮಾತು ಬಂದರೆ ಏನು ಮಾಡೋದು?’ ಎಂದು ಕೊನೆಗೆ ಕೈಮುಗಿದರು. ಹುಡುಗಿಗೆ ಆಗ ಹದಿಮೂರು ವರ್ಷ.

ಆ ಸಂಜೆಯೇ ನಾನು ತಾಲ್ಲೂಕು ಆಸ್ಪತ್ರೆಯ ವೈದ್ಯೆಯ ಬಳಿಗೆ ಹೋದೆ. ಆಕೆ ಔಷಧದ ಚೀಟಿಯ ಬೆನ್ನಿಗೇ ಚಿತ್ರ ಬರೆದು ತಿಳಿಸಿದರು. ಆ ಚೀಟಿ ಹಿಡಿದು ಮಾರನೆಯ ದಿನ ಹುಡುಗಿಯ ಮನೆಯ ಜಗಲಿಯ ಮೇಲೆ ಕೂತು, ಅಜ್ಜ ಅಜ್ಜಿಯರೂ ಕೇಳುವಂತೆ ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ.

ಲಾಡಿಹುಳುವಿಗೆ ಎರಡು ಜನ್ಮ. ಮರಿಹುಳುವಿನ ಗಂಟುಗಳಿರುವ ಹಂದಿಮಾಂಸವನ್ನು ಅರೆಬೆಂದದ್ದು ತಿಂದವರ ಕರುಳಿನಲ್ಲಿ ಅದು ಲಾಡಿಯಾಗಿ ಬೆಳೆಯುತ್ತದೆ. 1855ರಲ್ಲಿ ಜರ್ಮನಿಯ ಕ್ಯೂಕನ್‌ಮೈಸ್ಟರ್ ಎಂಬ ವೈದ್ಯ ಮರಣದಂಡನೆಯಾಗಲಿದ್ದ ಕೈದಿಯೊಬ್ಬನಿಗೆ ತಿಳಿಸದೆಯೇ ಇಂಥ ಗಂಟುಗಳನ್ನು ತಿನ್ನಿಸಿ, ಶಿಕ್ಷೆ ಜಾರಿಯಾದ ಮೇಲೆ ಕರುಳು ಬಗೆದು ನೋಡಿ ಇದನ್ನು ಸಾಬೀತು ಮಾಡಿದನಂತೆ. ವಿಜ್ಞಾನಕ್ಕೂ ಇಂಥ ಕಪ್ಪು ಪುಟಗಳಿವೆ. ಚೆನ್ನಾಗಿ ಬೇಯಿಸಿದ ಮಾಂಸದಿಂದ ಯಾವ ಹುಳುವೂ ಬರುವುದಿಲ್ಲ. ಹೀಗೆ ಕರುಳಿನಲ್ಲಿ ಹುಳುವಿರುವವರ ಮಲದೊಡನೆ ಮೊಟ್ಟೆಗಳು ಹೊರಬೀಳುತ್ತವೆ. ಬಯಲಿನಲ್ಲಿ ಬಿದ್ದ ಮೊಟ್ಟೆಯನ್ನು ಹಂದಿ ತಿಂದರೆ ಅದರ ಮೈಯಲ್ಲಿ ಗಂಟು. ಮೊಟ್ಟೆ ಮಳೆನೀರಿನಲ್ಲಿ ಹರಿದು ಕೊತ್ತಂಬರಿ ಸೊಪ್ಪಿಗೋ ಕುಡಿಯುವ ನೀರಿಗೋ ಬಂದರೆ, ಅಥವಾ ತೊಳೆಯದ ಕೈಯಿಂದ ತಿಂಡಿಗೆ ತಾಗಿದರೆ, ತಿಂದ ಮನುಷ್ಯನ ಮೈಯಲ್ಲಿ ಗಂಟು. ಮೊಟ್ಟೆಯೊಡೆದ ಮರಿ ರಕ್ತದ ಜೊತೆ ಹೊರಟು ಸ್ನಾಯುವಿನಲ್ಲಿ, ಕಣ್ಣಿನಲ್ಲಿ, ಮೆದುಳಿನಲ್ಲಿ ಎಲ್ಲೆಂದರಲ್ಲಿ ತಂಗುತ್ತದೆ. ಈ ಎರಡನೆಯ ದಾರಿಗೆ ಮಾಂಸ ತಿನ್ನಲೇಬೇಕೆಂದಿಲ್ಲ. ಕೋಸಂಬರಿ ಸಾಕು.

‘ಮೊಟ್ಟೆಗೆ ಮಡಿ-ಮೈಲಿಗೆ ತಿಳಿಯೋದಿಲ್ಲ, ಗೋತ್ರವೂ ತಿಳಿಯೋದಿಲ್ಲ. ನಿಮ್ಮ ಹುಡುಗಿ ಯಾರ ಮನೆಯಲ್ಲೂ ಏನೂ ತಿಂದಿಲ್ಲ’ ಎಂದೆ. ಅಜ್ಜ ಬಹಳ ಹೊತ್ತು ಸುಮ್ಮನಿದ್ದು, ‘ಪೇಟೆಯಿಂದ ತರೋ ಸೊಪ್ಪನ್ನು ಇನ್ನು ಮೇಲೆ ಸರಿಯಾಗಿ ತೊಳೀರಿ’ ಎಂದು ಒಳಗೆ ಹೇಳಿದರು. ಅಷ್ಟೇ. ಆದರೆ ಸೋಮವಾರ ಇಬ್ಬರು ಗೆಳತಿಯರೂ ಮತ್ತೆ ಒಂದೇ ಬೆಂಚಿನಲ್ಲಿದ್ದರು.

ಆ ವೈದ್ಯೆ ಹೇಳಿದ ಇನ್ನೊಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಮೆದುಳಿನೊಳಗಿನ ಮರಿಹುಳು ಬದುಕಿರುವಷ್ಟು ಕಾಲ ಕಳ್ಳನ ಹಾಗೆ ಸದ್ದಿಲ್ಲದೆ ಇರುತ್ತದೆ, ಕೆಲವೊಮ್ಮೆ ವರ್ಷಗಟ್ಟಲೆ. ಅದು ಸಾಯತೊಡಗಿದಾಗಲೇ ನಮ್ಮ ಮೈ ಅದನ್ನು ಗುರುತಿಸಿ ಜಗಳಕ್ಕೆ ನಿಲ್ಲುತ್ತದೆ. ಸುತ್ತಲಿನ ಮೆದುಳು ಊದಿಕೊಳ್ಳುತ್ತದೆ, ಫಿಟ್ಸ್ ಬರುತ್ತದೆ. ಆದ್ದರಿಂದ ಹುಳು ಕೊಲ್ಲುವ ಮಾತ್ರೆಯನ್ನು ಕಂಡಕಂಡಂತೆ ಕೊಡುವಂತಿಲ್ಲ. ಯಾರಿಗೆ, ಯಾವಾಗ ಕೊಡಬೇಕೆಂದು ಸ್ಕ್ಯಾನ್ ನೋಡಿ ನಿರ್ಧರಿಸಿ, ಊತ ತಡೆಯುವ ಔಷಧ, ಫಿಟ್ಸ್‌ನ ಔಷಧಗಳ ಜೊತೆಗೇ ಕೊಡಬೇಕು. ‘ಹುಳ ಸಾಯೋದು ದೊಡ್ಡದಲ್ಲ ಮೇಡಂ, ಮಗುವನ್ನು ಕಾಪಾಡಿಕೊಂಡು ಸಾಯಿಸೋದು ದೊಡ್ಡದು’ ಎಂದರು. ಈ ಮಾತು ನನಗೆ ಮತ್ತೆ ನೆನಪಾದದ್ದು ನನ್ನ ತಂಗಿಯ ಮಗಳು ರಜೆಗೆ ಬಂದಾಗ.

ಅವಳು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದ್ದಾಳೆ. ದೋಸೆ ಎರೆಯಲು ನಿಂತವಳ ಬೆರಳ ತುದಿಗಳೆಲ್ಲ ಕಂದುಗಪ್ಪು. ‘ಇದೇನೇ, ಗೇರುಬೀಜದ ಎಣ್ಣೆ ತಾಗಿತೇನೇ?’ ಎಂದೆ. ‘ಅಲ್ಲ ದೊಡ್ಡಮ್ಮ, ಇದು ಬೆಳ್ಳಿ!’ ಎಂದು ನಕ್ಕಳು. ಬೆಳ್ಳಿಯ ಉಪ್ಪು ಕರಗಿಸಿದ ನೀರು, ಅಂದರೆ ಸಿಲ್ವರ್ ನೈಟ್ರೇಟು, ಕೈಗೆ ತಾಗಿದರೆ ಹೀಗೆ ಕಪ್ಪಾಗುತ್ತದಂತೆ. ಬೆಳ್ಳಿಯಿಂದ ಏನು ಮಾಡುತ್ತೀ ಎಂದರೆ, ‘ಲಾಡಿಹುಳ ಸಾಯಿಸ್ತೀವಿ’ ಎಂದಳು. ನಾನು ಸೌಟು ಕೆಳಗಿಟ್ಟು ಕೂತೆ.

ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬೆಳ್ಳಿ, ಚಿನ್ನದಂಥ ಲೋಹಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನಾಗಿ ಮಾಡಿದರೆ ಅವುಗಳ ಗುಣವೇ ಬದಲಾಗುತ್ತದೆ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲಿಗೆ ನ್ಯಾನೊಮೀಟರು ಎಂದು ಹೆಸರು. ನೂರು ನ್ಯಾನೊಮೀಟರಿಗಿಂತ ಸಣ್ಣದಿದ್ದರೆ ಅದು ನ್ಯಾನೊ ಕಣ. ನಮ್ಮ ಒಂದು ತಲೆಗೂದಲಿನ ದಪ್ಪದೊಳಗೆ ಇಂಥ ಕಣಗಳನ್ನು ಸಾವಿರಗಟ್ಟಲೆ ಸಾಲಾಗಿ ನಿಲ್ಲಿಸಬಹುದು. ಇವುಗಳನ್ನು ಮಾಡಲು ಮೊದಲೆಲ್ಲ ಘಾಟಿನ ರಾಸಾಯನಿಕಗಳು ಬೇಕಿದ್ದವು. ಆಮೇಲೆ ವಿಜ್ಞಾನಿಗಳಿಗೆ ತಿಳಿಯಿತು, ಗಿಡದ ಎಲೆ, ಬೂಷ್ಟು, ಬ್ಯಾಕ್ಟೀರಿಯಾಗಳೇ ಈ ಕೆಲಸವನ್ನು ಸದ್ದಿಲ್ಲದೆ ಮಾಡಿಕೊಡುತ್ತವೆ ಎಂದು.

ಇದರಲ್ಲಿ ನಮ್ಮ ದೇಶದವರ ಪಾಲು ದೊಡ್ಡದು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿಯವರೂ ಅವರ ಸಂಗಡಿಗರೂ 2001ರಲ್ಲಿ ಒಂದು ಬಗೆಯ ಬೂಷ್ಟಿನಿಂದ ಬೆಳ್ಳಿಯ, ಚಿನ್ನದ ನ್ಯಾನೊ ಕಣಗಳನ್ನು ಮಾಡಿಸಿದರು. 2004ರಲ್ಲಿ ಬೇವಿನ ಎಲೆಯ ಕಷಾಯದಿಂದ ಅದನ್ನೇ ಸಾಧಿಸಿದರು. ಅದೇ ವರ್ಷ ಮಜ್ಜಿಗೆಹುಲ್ಲಿನ ಕಷಾಯದಿಂದ ಮುಕ್ಕೋನಾಕಾರದ ಚಿನ್ನದ ಕಣಗಳನ್ನು ಪಡೆದರು. ಎಲೆ ತೊಳೆದು, ಕುದಿಸಿ, ಸೋಸಿ, ಆ ಕಷಾಯವನ್ನು ಬೆಳ್ಳಿಯ ಉಪ್ಪಿನ ನೀರಿಗೆ ಬೆರೆಸುತ್ತಾರೆ. ತಿಳಿ ನೀರು ನೋಡನೋಡುತ್ತ ಹಳದಿಯಾಗಿ, ಕೊನೆಗೆ ಚಹಾದ ಕಣ್ಣಿನ ಹಾಗೆ ಕಂದಾಗುತ್ತದೆ. ಕಣ ಹುಟ್ಟಿತು ಎಂಬುದಕ್ಕೆ ಆ ಬಣ್ಣವೇ ಗುರುತು. ಎಲೆಯೊಳಗಿನ ಸತ್ವಗಳು ಬೆಳ್ಳಿಯನ್ನು ಕಣವಾಗಿಸುವುದಷ್ಟೇ ಅಲ್ಲ, ಕಣಗಳು ಒಂದಕ್ಕೊಂದು ಅಂಟಿ ಗಂಟಾಗದಂತೆ ಮೇಲೊಂದು ಹೊದಿಕೆಯನ್ನೂ ಹೊದಿಸುತ್ತವೆ. ರವೆ ಗಂಟಾಗದಂತೆ ನಾವು ತುಪ್ಪದಲ್ಲಿ ಹುರಿದುಕೊಳ್ಳುವುದಿಲ್ಲವೇ, ಹಾಗೆ.

‘ಕಷಾಯ ಕಾಯಿಸೋದಕ್ಕೆ ಅಷ್ಟು ಓದಬೇಕಾಯಿತೇನೇ?’ ಎಂದು ನಾನು ಕೀಟಲೆ ಮಾಡಿದೆ. ‘ಕಾಯಿಸೋದಕ್ಕಲ್ಲ ದೊಡ್ಡಮ್ಮ, ಕಾಯಿಸಿದ ಮೇಲೆ ಏನಾಯಿತು ಅಂತ ತಿಳಿಯೋದಕ್ಕೆ’ ಎಂದಳು. ಉತ್ತರ ನನಗೆ ಹಿಡಿಸಿತು.

ಈ ಕಣಗಳನ್ನು ಲಾಡಿಹುಳುವಿನ ಮೇಲೆ ಪ್ರಯೋಗಿಸಲು ಮನುಷ್ಯರ ಹುಳು ಸುಲಭವಾಗಿ ಸಿಗುವುದಿಲ್ಲ. ಕೋಳಿಯ ಕರುಳಿನಲ್ಲಿ ಅದರ ದಾಯಾದಿಯೊಂದಿದೆ, ರೈಲಿಯೆಟಿನಾ ಎಂದು. ಕೋಳಿ ಅಂಗಡಿಯಿಂದ ಕರುಳು ತಂದು, ಹುಳುಗಳನ್ನು ಬಿಡಿಸಿ, ಮೈಯ ಬಿಸಿಯಷ್ಟೇ ಬಿಸಿಯಿರುವ ಉಪ್ಪುನೀರಿನ ಬಟ್ಟಲಿನಲ್ಲಿ ಬಿಡುತ್ತಾರೆ. ಕಣಗಳನ್ನು ಸೇರಿಸಿ, ಹುಳು ಎಷ್ಟು ಹೊತ್ತಿಗೆ ಜೋಮು ಹಿಡಿಯಿತು, ಎಷ್ಟು ಹೊತ್ತಿಗೆ ಸತ್ತಿತು ಎಂದು ಗಡಿಯಾರ ಹಿಡಿದು ಬರೆದುಕೊಳ್ಳುತ್ತಾರೆ. ಪಕ್ಕದ ಬಟ್ಟಲಿಗೆ ಪ್ರಾಜಿಕ್ವಾಂಟೆಲ್ ಹಾಕಿ ಹೋಲಿಸುತ್ತಾರೆ. 2014ರಲ್ಲಿ ನಮ್ಮ ದೇಶದ್ದೇ ಸಂಶೋಧಕರ ತಂಡವೊಂದು ಬೆಳೆಗಳಿಗೆ ರೋಗ ತರುವ ನೈಗ್ರೋಸ್ಪೋರಾ ಎಂಬ ಬೂಷ್ಟಿನಿಂದ ಚಿನ್ನದ ಕಣಗಳನ್ನು ಮಾಡಿ, ಕೋಳಿಯ ಲಾಡಿಹುಳುಗಳು ಅದರಿಂದ ಸಾಯುತ್ತವೆಂದೂ ಅವುಗಳ ಮೈಯೊಳಗಿನ ಕಿಣ್ವಗಳ ಕೆಲಸ ಏರುಪೇರಾಗುತ್ತದೆಂದೂ ಪ್ರಕಟಿಸಿತು. ಭತ್ತಕ್ಕೆ ರೋಗ ತರುವ ಬೂಷ್ಟೂ ಉಪಕಾರಕ್ಕೆ ಬಂತಲ್ಲ ಎಂದು ನನಗೆ ಸೋಜಿಗ.

ಈಗ ಆ ಚರ್ಮದ ಮಾತು ನೆನಪು ಮಾಡಿಕೊಳ್ಳಿ. ಲಾಡಿಹುಳುವಿನ ಮೈಮೇಲೆ ಮಖಮಲ್ಲಿನಂತೆ ಅತಿ ಸೂಕ್ಷ್ಮ ಎಳೆಗಳಿವೆ. ಅವುಗಳ ಮೂಲಕವೇ ಅದು ಉಣ್ಣುವುದು. ಲೋಹದ ಕಣಗಳು ತಾಗಿದಾಗ ಆ ಮಖಮಲ್ಲು ಉದುರಿ, ಚರ್ಮ ಸುಕ್ಕಾಗಿ ಹರಿಯುತ್ತದೆ. ಉಣ್ಣುವ ಬಾಗಿಲೇ ಮುಚ್ಚಿಹೋದ ಮೇಲೆ ಹುಳುವಿಗೆ ಉಳಿಗಾಲವೆಲ್ಲಿ?

ಇಷ್ಟು ಕೇಳಿದ ನನಗೆ ಆ ಎಂಟನೆಯ ತರಗತಿಯ ಹುಡುಗಿಯ ನೆನಪಾಗಿ, ‘ಹಾಗಾದರೆ ಮೆದುಳಿನ ಗಂಟಿಗೂ ಇದನ್ನು ಕೊಡಬಹುದೇನೇ?’ ಎಂದು ಆಸೆಯಿಂದ ಕೇಳಿದೆ. ಅವಳು ತಲೆಯಾಡಿಸಿದಳು. ‘ಬಟ್ಟಲಿನಲ್ಲಿ ಸಾಯೋದು ಬೇರೆ ದೊಡ್ಡಮ್ಮ. ಬಟ್ಟಲಿನಲ್ಲಿ ಸಾಬೂನಿನ ನೀರು ಹಾಕಿದರೂ ಸಾಯುತ್ತೆ.’

ಅಲ್ಲಿಗೆ ಅವಳ ಮಾತೂ ತಾಲ್ಲೂಕು ಆಸ್ಪತ್ರೆಯ ವೈದ್ಯೆಯ ಮಾತೂ ಒಂದೇ ಕಡೆಗೆ ಬಂದು ನಿಂತವು. ಬಟ್ಟಲಿಗೆ ಯಕೃತ್ತಿಲ್ಲ, ಮೂತ್ರಪಿಂಡವಿಲ್ಲ, ಮೆದುಳಿಲ್ಲ. ಮಗುವಿಗೆ ಅವೆಲ್ಲ ಇವೆ. ನುಂಗಿದ ಕಣ ಹೊಟ್ಟೆಯ ಹುಳಿಯಲ್ಲಿ ಏನಾಗುತ್ತದೆ, ರಕ್ತದಲ್ಲಿ ಎಷ್ಟು ಸೇರುತ್ತದೆ, ಎಲ್ಲಿ ಹೋಗಿ ಕೂರುತ್ತದೆ, ಹೊರಗೆ ಬರುತ್ತದೋ ಇಲ್ಲವೋ ಎಂದು ಒಂದೊಂದನ್ನೂ ನೋಡಬೇಕು. ಮೆದುಳಿಗೆ ಹೋಗುವ ರಕ್ತನಾಳಗಳು ಬಂದದ್ದನ್ನೆಲ್ಲ ಒಳಗೆ ಬಿಡುವುದಿಲ್ಲ. ಬಿಟ್ಟರೂ, ಹುಳು ಸತ್ತಾಗಿನ ಊತಕ್ಕೆ ಬೆಳ್ಳಿಯ ಬಳಿ ಉತ್ತರವಿಲ್ಲ. ಬೆಳ್ಳಿಯನ್ನು ಕರಗಿಸಿ ಔಷಧವೆಂದು ಬಹುಕಾಲ ಕುಡಿದವರ ಮೈಬಣ್ಣ ಬೂದಿನೀಲಿಗೆ ತಿರುಗಿ, ಮತ್ತೆ ಮೊದಲಿನಂತಾಗದೇ ಉಳಿದದ್ದುಂಟು. ಇದನ್ನು ಓದಿ ಯಾರೂ ಮನೆಯ ಬೆಳ್ಳಿ ಲೋಟದಲ್ಲಿ ಬೇವಿನ ಕಷಾಯ ಕಾಯಿಸಲು ಹೋಗಬೇಡಿ. ಕೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಗೂ ಈ ಕಣಗಳಿಗೂ ಸಂಬಂಧವಿಲ್ಲ. ಹೆಸರೊಂದೇ ಬೆಳ್ಳಿ.

ಹಾಗೆಂದು ಇದೆಲ್ಲ ವ್ಯರ್ಥವೇ? ಅಲ್ಲವಂತೆ. ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರಿನ ಒಂದು ಪುಟ್ಟ ಲಾಡಿಹುಳುವಿದೆ. ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿದ ಚೀಲವಾಗಿ ತೆಂಗಿನಕಾಯಿಯಷ್ಟು ದೊಡ್ಡದಾಗಿ ಬೆಳೆಯಬಹುದು. ಹೈಡಾಟಿಡ್ ಎನ್ನುತ್ತಾರೆ. ಶಸ್ತ್ರಚಿಕಿತ್ಸೆ ಮಾಡುವಾಗ ಆ ಚೀಲದ ನೀರು ಒಳಗೆ ಚೆಲ್ಲಿದರೆ ಪ್ರಾಣಕ್ಕೇ ಸಂಚಕಾರ. ಜೊತೆಗೆ ಚೆಲ್ಲಿದ ಒಂದೊಂದು ಮರಿತಲೆಯೂ ಹೊಸ ಚೀಲವಾಗಬಲ್ಲುದು. ಅದಕ್ಕೇ ವೈದ್ಯರು ಮೊದಲು ಚೀಲದೊಳಗೆ ಕಟುವಾದ ಉಪ್ಪುನೀರನ್ನೋ ಬೇರೆ ಔಷಧವನ್ನೋ ಹಾಕಿ ಮರಿಗಳನ್ನು ಕೊಲ್ಲುತ್ತಾರೆ. ಆ ಔಷಧಗಳಿಗೂ ಅವುಗಳದೇ ತೊಂದರೆಗಳಿವೆ. ಈ ರೋಗ ಹೆಚ್ಚಿರುವ ಇರಾನಿನಲ್ಲಿ ಸಂಶೋಧಕರು 2015ರಲ್ಲಿ, ಬೂಷ್ಟಿನಿಂದ ಮಾಡಿದ ಬೆಳ್ಳಿಯ ಕಣಗಳು ಈ ಮರಿತಲೆಗಳನ್ನು ಕೊಲ್ಲುತ್ತವೆ ಎಂದು ತೋರಿಸಿದರು. ಅದೂ ಬಟ್ಟಲಿನ ಪ್ರಯ�ೋಗವೇ. ಆದರೆ ಇಲ್ಲಿ ಕಣಗಳನ್ನು ನುಂಗಬೇಕಿಲ್ಲ. ಚೀಲದೊಳಗೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಹೀರಿ ತೆಗೆದುಬಿಡಬಹುದು. ಬಟ್ಟಲಿಗೂ ಮನುಷ್ಯನಿಗೂ ಇರುವ ದೂರ ಇಲ್ಲಿ ಸ್ವಲ್ಪ ಕಡಿಮೆ ಎಂದು ನನ್ನ ಸೋದರಿಯ ಮಗಳ ಆಸೆ. ಇನ್ನೊಂದು ಕಾರಣವೂ ಇದೆ. ಕುರಿಗಳಲ್ಲಿ ಅಲ್ಬೆಂಡಝೋಲ್ ಗುಂಪಿನ ಔಷಧಕ್ಕೆ ಬಗ್ಗದ ದುಂಡುಹುಳುಗಳು ಈಗಾಗಲೇ ಹುಟ್ಟಿಕೊಂಡಿವೆ. ನಾಳೆ ಲಾಡಿಹುಳುವೂ ಅದನ್ನೇ ಕಲಿತರೆ? ಹಳೆಯ ಮಾತ್ರೆ ಕೈಕೊಡುವ ಮೊದಲೇ ಹೊಸ ದಾರಿ ಹುಡುಕಿಟ್ಟಿರಬೇಕು.

ಹೈಡಾಟಿಡ್ ಎಂದಾಗ ಐಸ್‌ಲ್ಯಾಂಡ್ ದೇಶದ ಕತೆಯನ್ನೂ ಹೇಳಬೇಕು. ಶಾಲಾ ಶಿಕ್ಷಕಿಯಾದ ನನಗೆ ಅದು ಬಲು ಪ್ರಿಯ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ರೋಗ ಅಲ್ಲಿ ಮನೆಮನೆಯ ಪಿಡುಗಾಗಿತ್ತು. ಡೆನ್ಮಾರ್ಕಿನ ಕ್ರಾಬೆ ಎಂಬ ವಿದ್ವಾಂಸ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿ, 1864ರಲ್ಲಿ ಅವರದೇ ಭಾಷೆಯಲ್ಲಿ ಒಂದು ಕಿರುಪುಸ್ತಕ ಬರೆದ. ಕುರಿಯ ಮೈಯಲ್ಲಿ ಸಿಗುವ ಚೀಲಗಳನ್ನು ನಾಯಿಗೆ ಹಾಕಬೇಡಿ, ನಾಯಿ ಮುಟ್ಟಿದ ಕೈ ತೊಳೆಯಿರಿ ಎಂಬಷ್ಟೇ ಸಂಗತಿ. ಅದನ್ನು ಮನೆಮನೆಗೂ ಪುಕ್ಕಟೆ ಹಂಚಿದರು. ಅಲ್ಲಿನ ಜನರಿಗೆ ಓದು ಬರುತ್ತಿತ್ತು. 1869ರಲ್ಲಿ ನಾಯಿಗಳ ಬಗ್ಗೆ ಕಾನೂನೂ ಬಂತು. ಹೊಸದಾಗಿ ರೋಗ ತಗಲುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಕೊನೆಗೆ ಆ ದೇಶದಿಂದ ರೋಗವೇ ಹೊರಟುಹೋಯಿತು. ಪ್ರಾಜಿಕ್ವಾಂಟೆಲ್ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ಶುರುವಾದ ಕೆಲಸ ಅದು!

ನಮ್ಮ ಹುಡುಗಿಯ ಗಂಟು ಎರಡು ವರ್ಷದ ಔಷಧದಲ್ಲಿ ಕರಗಿತು. ಸ್ಕ್ಯಾನಿನಲ್ಲಿ ಸುಣ್ಣದ ಚುಕ್ಕೆಯಷ್ಟೇ ಉಳಿಯಿತು. ಫಿಟ್ಸ್ ಮತ್ತೆ ಬರಲಿಲ್ಲ. ಮದುವೆಯ ಮಾತು ಬಂದಾಗ ತಾಯಿ ಮುಚ್ಚಿಡೋಣ ಎಂದರೂ ಅವಳೇ ಹುಡುಗನ ಕಡೆಯವರಿಗೆ ಹೇಳಿದಳಂತೆ. ಮೊದಲನೆಯ ಸಂಬಂಧ ಮುರಿಯಿತು. ಎರಡನೆಯವರು ಡಾಕ್ಟರ ಹತ್ತಿರ ಕೇಳಿಕೊಂಡು ಬಂದು ಒಪ್ಪಿದರು. ಹುಡುಗನಿಗೆ ಇದೇ ಕಾಯಿಲೆ ಆಗಿದ್ದರೆ ಯಾರಾದರೂ ಕೇಳುತ್ತಿದ್ದರೇ ಎಂಬುದು ನನ್ನ ಪ್ರಶ್ನೆ. ಬೆಳ್ಳಿಯ ಕಣವಾಗಲಿ ಚಿನ್ನದ ಕಣವಾಗಲಿ ಈ ನಾಚಿಕೆಯನ್ನು ಕೊಲ್ಲಲಾರದು. ಅದನ್ನು ನಾವು ನಾವೇ, ನಲ್ಲಿಯ ಕಟ್ಟೆಯಲ್ಲಿ, ಮಹಿಳಾ ಮಂಡಳದಲ್ಲಿ, ಮದುವೆಮನೆಯ ಚಪ್ಪರದಲ್ಲಿ ಬಾಯಿಬಿಟ್ಟು ಮಾತಾಡಿಯೇ ಕೊಲ್ಲಬೇಕು. ಮಕ್ಕಳ ಮಲದಲ್ಲಿ ಬಿಳಿಯ ಚಪ್ಪಟೆ ತುಣುಕು ಕಂಡರೆ ಅಡಗಿಸಬೇಡಿ, ವೈದ್ಯರಿಗೆ ತೋರಿಸಿ. ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗಳನ್ನು ಹರಿಯುವ ನೀರಿನಲ್ಲಿ ಎಲೆ ಬಿಡಿಸಿ ತೊಳೆಯಿರಿ. ಮಾಂಸ ತಿನ್ನುವವರು ಪೂರಾ ಬೇಯಿಸಿ ತಿನ್ನಿ.

ನಮ್ಮ ಶಾಲೆಯಲ್ಲಿ ಊಟಕ್ಕೆ ಮೊದಲು ಕೈತೊಳೆಯಲು ಸೋಪು ಇಟ್ಟರೆ ಸಂಜೆಗೆ ಮಾಯವಾಗುತ್ತಿತ್ತು. ಹುಡುಗರನ್ನು ಗದರಿದ್ದಾಯಿತು. ಆಮೇಲೆ ನೋಡಿದರೆ ಕಳ್ಳ ಕಾಗೆ! ಈಗ ಹಳೆಯ ಕಾಲುಚೀಲದೊಳಗೆ ಸೋಪು ಹಾಕಿ ನಲ್ಲಿಗೆ ಕಟ್ಟುತ್ತೇವೆ. ಒದ್ದೆ ಕೈಯಿಂದ ಚೀಲವನ್ನು ಉಜ್ಜಿದರೆ ನೊರೆ ಬರುತ್ತದೆ, ಕಾಗೆಗೆ ದಕ್ಕುವುದಿಲ್ಲ. ವಾರಕ್ಕೆ ಎರಡು ಸೋಪು. ಲೆಕ್ಕ ಎಂಟನೆಯ ತರಗತಿಯವರ ಕೈಯಲ್ಲಿ.

ಮೊನ್ನೆ ತಂಗಿಯ ಮಗಳು ಫೋನು ಮಾಡಿದ್ದಳು. ಬಟ್ಟಲಿನ ಪ್ರಯೋಗ ಮುಗಿಯಿತಂತೆ, ಇನ್ನು ಇಲಿಗಳ ಮೇಲೆ ನೋಡಬೇಕಂತೆ, ಅದಕ್ಕೆ ಅನುಮತಿಯ ಕಾಗದ ಬರೆಯುತ್ತಿದ್ದಾಳಂತೆ. ‘ನನ್ನ ರಿಟೈರ್‌ಮೆಂಟಿನೊಳಗೆ ನಿನ್ನ ಬೆಳ್ಳಿಯ ಮಾತ್ರೆ ಬರುತ್ತೇನೇ?’ ಎಂದು ಕೇಳಿದೆ.

‘ಹೇಳಲಾರೆ ದೊಡ್ಡಮ್ಮ. ನೀನು ಮಾತ್ರ ಸೋಪು ಕಟ್ಟೋದು ನಿಲ್ಲಿಸಬೇಡ’ ಎಂದಳು.